ಒಂದೇ ದನಿ, ಅರವತ್ತೇಳು ಸೀಸನ್: ವಿನ್ ಸ್ಕಲ್ಲಿ ಹೋದಾಗ ಬೇಸ್‌ಬಾಲ್ ಅಭಿಮಾನಿಗಳು ಅತ್ತದ್ದೇಕೆ

2022ರ ಆಗಸ್ಟ್ 2ರ ಮಂಗಳವಾರ ರಾತ್ರಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೈಂಟ್ಸ್ ವಿರುದ್ಧ ಆಡುತ್ತಿತ್ತು. ಆಟ ನಡೆಯುತ್ತಿರುವಾಗಲೇ ಸುದ್ದಿ ಬಂತು: 1950ರಿಂದ 2016ರವರೆಗೆ ಡಾಡ್ಜರ್ಸ್ ಪಂದ್ಯಗಳಿಗೆ ಕಾಮೆಂಟರಿ ಹೇಳಿದ ವಿನ್ ಸ್ಕಲ್ಲಿ ತೀರಿಕೊಂಡರು. ಅವರಿಗೆ 94 ವರ್ಷ. ಡಾಡ್ಜರ್ಸ್ ತಂಡದ ಟಿವಿ ಕಾಮೆಂಟೇಟರ್ ಜೋ ಡೇವಿಸ್ ಅದನ್ನು ನೇರ ಪ್ರಸಾರದಲ್ಲೇ ಹೇಳಬೇಕಾಯಿತು. ಆಟ ಮುಗಿದ ಮೇಲೆ ಜೈಂಟ್ಸ್‌ನವರು ತಮ್ಮ ಮೈದಾನದ ದೊಡ್ಡ ಪರದೆಯಲ್ಲಿ ಸ್ಕಲ್ಲಿಯವರ ನೆನಪಿನ ವಿಡಿಯೊ ಹಾಕಿದರು. ಈ ಎರಡು ತಂಡಗಳ ಹಗೆ ಎರಡೂ ನ್ಯೂಯಾರ್ಕಿನಲ್ಲಿದ್ದ ಕಾಲದಿಂದ ಬಂದದ್ದು. ಒಂದರ ಮೈದಾನದಲ್ಲಿ ಇನ್ನೊಂದರ ಹೆಸರೆತ್ತಿದರೆ ಕೂಗಿ ಹೀಯಾಳಿಸುವುದೇ ವಾಡಿಕೆ. ಅಂಥ ಮೈದಾನದಲ್ಲಿ ಎದುರಾಳಿ ತಂಡದ ಕಾಮೆಂಟೇಟರ್‌ಗೆ ಗೌರವ ಸಂದಿತು.

ಅತ್ತ ಲಾಸ್ ಏಂಜಲೀಸಿನಲ್ಲಿ ಜನ ಡಾಡ್ಜರ್ ಸ್ಟೇಡಿಯಂ ಕಡೆ ಹೊರಟಿದ್ದರು. ಸ್ಟೇಡಿಯಂಗೆ ಹೋಗುವ ರಸ್ತೆಗೆ 2016ರಲ್ಲೇ ವಿನ್ ಸ್ಕಲ್ಲಿ ಅವೆನ್ಯೂ ಎಂದು ಹೆಸರಿಟ್ಟಿದ್ದರು. ಆ ರಸ್ತೆಯ ಬಾಯಲ್ಲಿರುವ ಸ್ವಾಗತ ಫಲಕದ ಬುಡದಲ್ಲಿ ಹೂವು, ಮೇಣದ ಬತ್ತಿ, ನೀಲಿ ಟೋಪಿ, ಕೈಬರಹದ ಚೀಟಿಗಳು ಸೇರುತ್ತಾ ಹೋದವು. ಸ್ಕಲ್ಲಿಯವರನ್ನು ಎದುರಾ ಎದುರು ಕಂಡವರು ಅಲ್ಲಿ ಎಷ್ಟು ಜನರೋ, ಆದರೆ ದನಿ ಕೇಳದವರು ಒಬ್ಬರೂ ಇರಲಿಕ್ಕಿಲ್ಲ.

ಆ ತಂಡಕ್ಕಾಗಿ ಒಂದು ಬಾಲ್ ಎಸೆದವರಲ್ಲ, ಒಂದು ರನ್ ಮಾಡಿದವರಲ್ಲ. ಆಟವನ್ನು ಬಾಯಲ್ಲಿ ಹೇಳಿದವರು ಅಷ್ಟೇ. ಹಾಗಿದ್ದೂ ಈ ದುಃಖ ಮನೆಮಂದಿಯ ದುಃಖದ ಹಾಗಿತ್ತು. ಇದನ್ನು ಬರೀ ಅಭಿಮಾನದ ಅತಿರೇಕ ಎಂದು ತಳ್ಳಿಹಾಕಿದರೆ ವಿಷಯ ಕೈತಪ್ಪುತ್ತದೆ. ಈ ಬಾಂಧವ್ಯ ಹೇಗೆ ಕಟ್ಟಿಕೊಂಡಿತು ಎಂಬುದಕ್ಕೆ ಆಟದ ಸ್ವರೂಪ, ರೇಡಿಯೊ ತರಂಗದ ಗುಣ, ಒಂದು ಊರಿನ ಚರಿತ್ರೆ, ಒಬ್ಬ ಮನುಷ್ಯನ ಕಸುಬು ಇಷ್ಟೂ ಕಾರಣ.

ಮೂರು ಗಂಟೆಯಲ್ಲಿ ಆಟ ಎಷ್ಟು ಹೊತ್ತು?

ಬೇಸ್‌ಬಾಲ್ ನೋಡದವರಿಗೆ ಮೊದಲು ಒಂದು ಲೆಕ್ಕ. ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡ ಏಪ್ರಿಲ್ ಸುಮಾರಿಗೆ ಶುರು ಮಾಡಿ ಸೆಪ್ಟೆಂಬರ್ ಕೊನೆಯವರೆಗೆ 162 ಪಂದ್ಯ ಆಡುತ್ತದೆ. 1960ರ ದಶಕದ ಆರಂಭದವರೆಗೆ ಅದು 154 ಇತ್ತು. ಅಂದರೆ ಬೇಸಿಗೆ ಪೂರ್ತಿ ಹೆಚ್ಚುಕಡಿಮೆ ದಿನಾ ಒಂದು ಪಂದ್ಯ. ಕ್ರಿಕೆಟ್ ಟೆಸ್ಟ್ ಐದು ದಿನ ನಡೆದರೂ ಆಮೇಲೆ ಕೆಲವು ದಿನ ಬಿಡುವಿರುತ್ತದೆ. ಇಲ್ಲಿ ಆ ಬಿಡುವೇ ಇಲ್ಲ. ವರ್ಷಕ್ಕೆ ನೂರು ಪಂದ್ಯ ಕೇಳಿದವನು, ಪಂದ್ಯಕ್ಕೆ ಮೂರು ಗಂಟೆ ಹಿಡಿದರೂ, ಮುನ್ನೂರು ಗಂಟೆ ಒಂದೇ ದನಿ ಕೇಳಿರುತ್ತಾನೆ. ಅಷ್ಟು ಹೊತ್ತು ನಾವು ಸ್ವಂತ ಚಿಕ್ಕಪ್ಪನ ಜೊತೆಗೂ ಮಾತಾಡಿರುವುದಿಲ್ಲ.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಆ ಮೂರು ಗಂಟೆಯಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಇಪ್ಪತ್ತು ನಿಮಿಷಕ್ಕಿಂತ ಕಡಿಮೆ. ಉಳಿದ ಹೊತ್ತೆಲ್ಲ ಚೆಂಡು ಎಸೆಯುವ ಪಿಚರ್ ಅದನ್ನು ಕೈಯಲ್ಲಿ ತಿರುಗಿಸುತ್ತಾನೆ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕೈಸನ್ನೆ ಮಾಡುತ್ತಾನೆ, ಬ್ಯಾಟರ್ ಪಕ್ಕಕ್ಕೆ ಸರಿದು ಗ್ಲವ್ ಸರಿಮಾಡಿಕೊಳ್ಳುತ್ತಾನೆ. ಫುಟ್‌ಬಾಲ್ ಹೇಳುವವನಿಗೆ ಚೆಂಡಿನ ಹಿಂದೆ ಓಡುವುದಷ್ಟೇ ಕೆಲಸ. ಬೇಸ್‌ಬಾಲ್ ಹೇಳುವವನ ಮುಂದೆ ಎರಡೂವರೆ ಗಂಟೆ ಖಾಲಿ ಬಿದ್ದಿರುತ್ತದೆ. ಅದರಲ್ಲಿ ಏನು ತುಂಬುತ್ತಾನೆ ಎಂಬುದೇ ಅವನು ಯಾರು ಎಂಬುದನ್ನು ತೋರಿಸಿಬಿಡುತ್ತದೆ. ಸುಳ್ಳು ಉತ್ಸಾಹ ಒಂದು ವಾರ ನಡೆಯಬಹುದು, ಆರು ತಿಂಗಳು ನಡೆಯುವುದಿಲ್ಲ. ಅರವತ್ತು ವರ್ಷವಂತೂ ಸಾಧ್ಯವೇ ಇಲ್ಲ.

ಬ್ರೂಕ್ಲಿನ್‌ನಲ್ಲಿ ಕಲಿತ ಪಾಠ

ಸ್ಕಲ್ಲಿ ಹುಟ್ಟಿದ್ದು 1927ರ ನವೆಂಬರ್ 29ರಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಎಂಟು ವರ್ಷದವರಿದ್ದಾಗ ಮನೆಯಲ್ಲಿ ನಾಲ್ಕು ಕಾಲಿನ ದೊಡ್ಡ ರೇಡಿಯೊ ಇತ್ತು. ಅದರ ಕೆಳಗೆ ದಿಂಬು ಹಾಕಿಕೊಂಡು ಮಲಗಿ ಕಾಲೇಜು ಫುಟ್‌ಬಾಲ್ ಕೇಳುತ್ತಿದ್ದರು. ಯಾರು ಗೆದ್ದರು ಎನ್ನುವುದಕ್ಕಿಂತ ಜನರ ಕೂಗು ಮೇಲಿನಿಂದ ಮೈಮೇಲೆ ಸುರಿಯುವುದು ತಮ್ಮನ್ನು ಹಿಡಿದಿಟ್ಟಿತು ಎಂದು ಜೀವನವಿಡೀ ಹೇಳಿಕೊಂಡರು. ಮುಂದೆ ಅವರ ಕೆಲಸದಲ್ಲಿ ಈ ಕೂಗಿಗೆ ದೊಡ್ಡ ಪಾತ್ರವಿದೆ.

ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಓದಿದ ಮೇಲೆ ಅವರಿಗೆ ಸಿಕ್ಕ ಗುರು ರೆಡ್ ಬಾರ್ಬರ್, ಆ ಕಾಲದ ಅತಿ ದೊಡ್ಡ ಬೇಸ್‌ಬಾಲ್ ದನಿ. 1949ರಲ್ಲಿ ಬಾಸ್ಟನ್ನಿನ ಫೆನ್‌ವೇ ಪಾರ್ಕ್‌ನಲ್ಲಿ ಒಂದು ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ ಬಾರ್ಬರ್ ಈ ಹುಡುಗನನ್ನು ಕಳಿಸಿದರು. ಕಾಮೆಂಟರಿ ಹೇಳುವ ಕೋಣೆ, ಅಂದರೆ ಬೂತ್, ಇರುತ್ತದೆಂದು ನಂಬಿ ಸ್ಕಲ್ಲಿ ಕೋಟು, ಕೈಗವಸು ಎಲ್ಲ ಹೋಟೆಲಿನಲ್ಲೇ ಬಿಟ್ಟು ಹೋಗಿದ್ದರು. ಅಲ್ಲಿ ಬೂತೇ ಇರಲಿಲ್ಲ. ನವೆಂಬರ್ ಚಳಿಯಲ್ಲಿ ಸ್ಟೇಡಿಯಂ ಚಾವಣಿಯ ಮೇಲೆ, ಕೈಯಲ್ಲಿ ಮೈಕ್ ಹಿಡಿದು ಅದರ ಉದ್ದನೆಯ ಕೇಬಲ್ ಎಳೆದುಕೊಂಡು ಆಚೀಚೆ ನಡೆಯುತ್ತಾ ಇಡೀ ಪಂದ್ಯ ಹೇಳಿ ಮುಗಿಸಿದರು. ಚಳಿಯ ಬಗ್ಗೆ ಕೇಳುಗರಿಗೆ ಒಂದು ಮಾತೂ ಹೇಳಲಿಲ್ಲ. ಸಂಗತಿ ಬೇರೆಯವರಿಂದ ತಿಳಿದ ಮೇಲೆ ಬಾರ್ಬರ್ ಅವರಿಗೆ ಈ ಹುಡುಗ ನಿಲ್ಲುತ್ತಾನೆ ಎನ್ನಿಸಿತು. 1950ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಬೂತಿನಲ್ಲಿ ಬಾರ್ಬರ್ ಮತ್ತು ಕಾನಿ ಡೆಸ್ಮಂಡ್ ಪಕ್ಕ ಮೂರನೇ ಕುರ್ಚಿ ಸ್ಕಲ್ಲಿಯದಾಯಿತು.

ಬಾರ್ಬರ್ ಕಲಿಸಿದ ಪಾಠಗಳು ಸರಳ, ಪಾಲಿಸುವುದು ಕಷ್ಟ. ಬೇಗ ಬಾ, ಮೈದಾನಕ್ಕಿಳಿದು ಆಟಗಾರರ ಜೊತೆ ಮಾತಾಡು. ಬೇರೆ ಕಾಮೆಂಟೇಟರ್‌ಗಳನ್ನು ಕೇಳಬೇಡ, ಅವರ ದನಿ ನಿನ್ನೊಳಗೆ ನುಗ್ಗುತ್ತದೆ. ನಿನಗೆ ಸಂಬಳ ಕೊಡುವುದು ತಂಡವಾದರೂ ತಂಡದ ಅಭಿಮಾನಿಯಾಗಬೇಡ. ಸ್ಕೋರ್ ಹೇಳುತ್ತಿರು. ಈ ಕೊನೆಯದಕ್ಕಾಗಿ ಬಾರ್ಬರ್ ಮೇಜಿನ ಮೇಲೆ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದು ಮುಗಿದಾಗ ಸ್ಕೋರ್ ಹೇಳಿ ಗಡಿಯಾರ ತಿರುಗಿಸುವುದು. ಕೇಳಲು ಸಣ್ಣ ವಿಷಯ. ಆದರೆ ರೇಡಿಯೊ ಕೇಳುವವರು ಯಾವ ಗಳಿಗೆಯಲ್ಲೂ ಹೊಸದಾಗಿ ಬಂದು ಸೇರುತ್ತಾರೆ. ಕಾರು ಚಾಲೂ ಮಾಡಿದವನಿಗೆ ಮೊದಲು ಬೇಕಾದದ್ದು ಸ್ಕೋರ್. ಹತ್ತು ನಿಮಿಷ ಸ್ಕೋರ್ ಹೇಳದೆ ಹರಟುವ ಕಾಮೆಂಟೇಟರ್ ಎಷ್ಟು ಚೆನ್ನಾಗಿ ಮಾತಾಡಿದರೂ ಆ ಕೇಳುಗನನ್ನು ಹೊರಗೆ ನಿಲ್ಲಿಸಿದ ಹಾಗೆ.

1953ರಲ್ಲಿ ಸಂಭಾವನೆಯ ವಿಷಯಕ್ಕೆ ಬಾರ್ಬರ್ ಸೀಸನ್ ಕೊನೆಯ ಚಾಂಪಿಯನ್ ಸರಣಿಯಾದ ವರ್ಲ್ಡ್ ಸೀರೀಸ್ ಪ್ರಸಾರ ಬೇಡವೆಂದಾಗ ಆ ಅವಕಾಶ 25 ವರ್ಷದ ಸ್ಕಲ್ಲಿಗೆ ಬಂತು. ಎರಡು ವರ್ಷದ ನಂತರ, 1955ರಲ್ಲಿ, ಬ್ರೂಕ್ಲಿನ್ ಮೊದಲ ಸಲ ಮತ್ತು ಕೊನೆಯ ಸಲ ಚಾಂಪಿಯನ್ ಆಯಿತು. ಸ್ಕಲ್ಲಿ ಹೇಳಿದ್ದು ಒಂದೇ ವಾಕ್ಯ: ಮಹನೀಯರೇ, ಮಹಿಳೆಯರೇ, ಬ್ರೂಕ್ಲಿನ್ ಡಾಡ್ಜರ್ಸ್ ವಿಶ್ವ ಚಾಂಪಿಯನ್‌ಗಳು. ಆಮೇಲೆ ಸುಮ್ಮನಾದರು. ಅಷ್ಟು ಸಮಚಿತ್ತ ಹೇಗೆ ಬಂತೆಂದು ಜನ ಕೇಳಿದರೆ, ಇನ್ನೊಂದು ಮಾತು ಸೇರಿಸಿದ್ದರೂ ಅತ್ತುಬಿಡುತ್ತಿದ್ದೆ ಎನ್ನುತ್ತಿದ್ದರು.

ಟ್ರಾನ್ಸಿಸ್ಟರ್ ಹಿಡಿದು ಆಟಕ್ಕೆ ಬಂದ ಊರು

1958ರಲ್ಲಿ ತಂಡ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸಿಗೆ ಹೋಯಿತು. ಸ್ವಂತ ಸ್ಟೇಡಿಯಂ ಇನ್ನೂ ಆಗಿರಲಿಲ್ಲ. ಓಟದ ಸ್ಪರ್ಧೆ, ಫುಟ್‌ಬಾಲಿಗೆಂದು ಕಟ್ಟಿದ ಕೊಲಿಸಿಯಂನಲ್ಲಿ ಆಡಬೇಕಾಯಿತು. ಏಪ್ರಿಲ್ 18ರ ಮೊದಲ ಪಂದ್ಯಕ್ಕೆ 78,672 ಜನ. ಹಿಂದಿನ ಸಾಲುಗಳಿಂದ ಚೆಂಡು ಕಾಣುವುದಿರಲಿ, ಆಟಗಾರ ಯಾರೆಂದೂ ತಿಳಿಯುತ್ತಿರಲಿಲ್ಲ. ಮೇಜರ್ ಲೀಗ್ ಆಟವೂ ಆ ಊರಿಗೆ ಹೊಸದು. ಈ ಪಿಚರ್ ಯಾರು, ಆ ಬ್ಯಾಟರ್ ಎಡಗೈಯವನೋ ಬಲಗೈಯವನೋ, ಅವನನ್ನು ಈಗ ಯಾಕೆ ಬದಲಿಸಿದರು ಎಂದು ಹೇಳಿಕೊಡುವವರು ಬೇಕಿತ್ತು.

ಅದೇ ಹೊತ್ತಿಗೆ ಅಂಗೈ ಅಗಲದ ಟ್ರಾನ್ಸಿಸ್ಟರ್ ರೇಡಿಯೊ ಅಗ್ಗವಾಗುತ್ತಿತ್ತು. 1954ರಲ್ಲಿ ಮೊದಲ ಟ್ರಾನ್ಸಿಸ್ಟರ್ ರೇಡಿಯೊ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಐವತ್ತು ಡಾಲರ್ ಇತ್ತು. ನಾಲ್ಕು ವರ್ಷದಲ್ಲಿ ಕೊಲಿಸಿಯಂಗೆ ಬರುವ ಜನ ಅದನ್ನು ಜೇಬಲ್ಲಿ ಹಾಕಿಕೊಂಡೇ ಬಂದರು. ಕಣ್ಣೆದುರಿನ ಆಟವನ್ನು ಸ್ಕಲ್ಲಿಯ ಬಾಯಲ್ಲಿ ಕೇಳುತ್ತಾ ನೋಡಿದರು. ಸಾವಿರಾರು ಸಣ್ಣ ಸ್ಪೀಕರ್‌ಗಳಿಂದ ಬರುತ್ತಿದ್ದ ತಮ್ಮದೇ ದನಿ ಬೂತಿನಲ್ಲಿದ್ದ ಸ್ಕಲ್ಲಿಗೂ ಕೇಳಿಸುತ್ತಿತ್ತು. 1960ರ ಒಂದು ಪಂದ್ಯದಲ್ಲಿ ಅಂಪೈರ್ ಫ್ರಾಂಕ್ ಸೆಕೋರಿ ಅವರ ಹುಟ್ಟುಹಬ್ಬವೆಂದು ಸ್ಕಲ್ಲಿ ಪುಸ್ತಕದಲ್ಲಿ ಕಂಡು, ನಾನು ಒಂದು ಎರಡು ಮೂರು ಎಂದಾಗ ಎಲ್ಲರೂ ಶುಭಾಶಯ ಕೂಗಿ ಎಂದರು. ಇಡೀ ಸ್ಟೇಡಿಯಂ ಕೂಗಿತು. ಅಂಪೈರ್ ಬೆಚ್ಚಿ ತಲೆಯೆತ್ತಿ ನೋಡಿದರು. ಒಂದು ಊರು ಒಂದು ದನಿಯ ಜೊತೆ ಎಷ್ಟು ಹೊಂದಿಕೊಂಡಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಟಿವಿ ಇರಲಿಲ್ಲವೇ? ಇತ್ತು, ಆದರೆ ಟಿಕೆಟ್ ಮಾರಾಟ ಬಿದ್ದೀತೆಂದು ತಂಡದ ಮಾಲೀಕ ವಾಲ್ಟರ್ ಒ’ಮ್ಯಾಲಿ ತವರಿನ ಪಂದ್ಯಗಳನ್ನು ಟಿವಿಗೆ ಕೊಡುತ್ತಿರಲಿಲ್ಲ. ಹೀಗಾಗಿ ಎಲ್ಲವೂ ರೇಡಿಯೊ ಮೇಲೆ ನಿಂತಿತ್ತು. 1960ರಿಂದ ಪ್ರಸಾರ ಕೆಎಫ್ಐ ಕೇಂದ್ರಕ್ಕೆ ಬಂತು: 640 ಕಿಲೋಹರ್ಟ್ಸ್, 50,000 ವ್ಯಾಟ್, ಮೀಡಿಯಂ ವೇವ್. ಹಗಲಲ್ಲಿ ವಾತಾವರಣದ ಮೇಲ್ಪದರದ ಒಂದು ಭಾಗ ಮೀಡಿಯಂ ವೇವ್ ತರಂಗವನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ತರಂಗ ಅದಕ್ಕೂ ಮೇಲಿನ ಪದರಕ್ಕೆ ತಾಗಿ ಮರಳಿ ನೂರಾರು ಮೈಲಿ ಆಚೆ ನೆಲಕ್ಕಿಳಿಯುತ್ತದೆ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್ ಹಗಲಿಗಿಂತ ರಾತ್ರಿ ಹೆಚ್ಚು ದೂರದ ಊರುಗಳಲ್ಲಿ ಕೇಳುವುದು ಇದೇ ಕಾರಣಕ್ಕೆ. ಬೇಸ್‌ಬಾಲ್ ಹೆಚ್ಚಾಗಿ ರಾತ್ರಿ ಆಟ. ಹಾಗಾಗಿ ಮರುಭೂಮಿಯ ಹೆದ್ದಾರಿಯಲ್ಲಿ ಲಾರಿ ಓಡಿಸುವವರಿಗೂ, ದೂರದ ಹೊಲಮನೆಗಳಿಗೂ ಆ ದನಿ ಮುಟ್ಟುತ್ತಿತ್ತು. ಮಲಗುವ ಹೊತ್ತು ಮೀರಿದ ಮಕ್ಕಳು ಟ್ರಾನ್ಸಿಸ್ಟರನ್ನು ದಿಂಬಿನಡಿ ಇಟ್ಟುಕೊಂಡು ಕೇಳಿದರು. 2022ರಲ್ಲಿ ಹೂವು ಇಡಲು ಬಂದವರಲ್ಲಿ ಅರವತ್ತು ದಾಟಿದವರು ಮತ್ತೆಮತ್ತೆ ಹೇಳಿದ್ದು ಈ ದಿಂಬಿನಡಿಯ ರೇಡಿಯೊ ವಿಷಯವನ್ನೇ.

ಒಬ್ಬರೇ ಕೂತು ಮಾತಾಡುವುದು

ಸ್ಕಲ್ಲಿಯವರ ಕಸುಬಿನ ಬುನಾದಿ ಎಂದರೆ ಡಾಡ್ಜರ್ಸ್ ಪ್ರಸಾರದಲ್ಲಿ ಅವರು ಒಬ್ಬರೇ ಮಾತಾಡುತ್ತಿದ್ದರು. ಈಗಿನ ಬೂತಿನಲ್ಲಿ ಇಬ್ಬರೋ ಮೂವರೋ ಇರುತ್ತಾರೆ, ಅವರಲ್ಲೊಬ್ಬರು ಮಾಜಿ ಆಟಗಾರರು. ಇಬ್ಬರಿದ್ದರೆ ಮಾತು ಅವರ ನಡುವೆ ಓಡಾಡುತ್ತದೆ, ಕೇಳುಗ ಪಕ್ಕದ ಕೋಣೆಯಿಂದ ಕಿವಿಗೊಟ್ಟ ಹಾಗಾಗುತ್ತದೆ. ಒಬ್ಬರೇ ಇದ್ದರೆ ಮಾತು ಹೋಗಬೇಕಾದದ್ದು ಕೇಳುಗನಿಗೇ. ನಮ್ಮಲ್ಲೂ ಎ.ಎಫ್.ಎಸ್. ತಲ್ಯಾರ್‌ಖಾನ್ 1934ರಿಂದ ಬಾಂಬೆಯ ಕ್ರಿಕೆಟ್ ಪಂದ್ಯಗಳಿಗೆ ಒಬ್ಬರೇ ಇಡೀ ದಿನ ಕಾಮೆಂಟರಿ ಹೇಳಿದವರು. ಮೈಕ್ ಹಂಚಿಕೊಳ್ಳುವುದು ಅವರಿಗೂ ಒಗ್ಗುತ್ತಿರಲಿಲ್ಲ.

ಒಬ್ಬರೇ ಕೂತಾಗ ದೊಡ್ಡ ಕಷ್ಟ ಕಥೆಯ ಅಳತೆ. ಆಟಗಾರನ ಬಗ್ಗೆ ಒಂದು ಪ್ರಸಂಗ ಹೇಳಲು ಹೊರಟರೆ ನಡುವೆ ಪ್ರತಿ ಎಸೆತ ಬರುತ್ತದೆ, ಅದನ್ನು ಬಿಡುವಂತಿಲ್ಲ. ಸ್ಕಲ್ಲಿ ಕಥೆಯನ್ನು ಸಾಮಾನ್ಯವಾಗಿ ಆ ಬ್ಯಾಟರ್ ಹೊಸದಾಗಿ ಬಂದು ನಿಂತಾಗ ತೆಗೆಯುತ್ತಿದ್ದರು. ಒಂದು ವಾಕ್ಯ, ಆಮೇಲೆ ‘ಬಾಲ್ ಒನ್’ (ಗುರಿ ತಪ್ಪಿದ ಮೊದಲ ಎಸೆತ), ಮತ್ತೆ ಕಥೆ. ‘ಫೌಲ್, ಒಂದು–ಒಂದು’, ಮತ್ತೆ ಕಥೆ. ಎಸೆತದ ಲೆಕ್ಕ ಮಾತಿನ ಮಧ್ಯೆ ಬಂದರೂ ಲಯ ಕೆಡುತ್ತಿರಲಿಲ್ಲ, ಬದಲಿಗೆ ಕಥೆಗೆ ತಡೆದು ನಿಲ್ಲುವ ಜಾಗ ಸಿಗುತ್ತಿತ್ತು. ಎಡವುವುದು ಎಲ್ಲಿ? ಮೂವರು ಔಟಾದರೆ ತಂಡದ ಸರದಿ ಮುಗಿಯುತ್ತದೆ; ಈಗಾಗಲೇ ಇಬ್ಬರು ಔಟಾಗಿರುವಾಗ ಉದ್ದ ಕಥೆ ತೆಗೆದರೆ ಮೊದಲ ಎಸೆತಕ್ಕೇ ಬ್ಯಾಟರ್ ಔಟಾಗಿ ಇನಿಂಗ್ಸ್ ಮುಗಿದುಹೋಗಬಹುದು. ಜಾಹೀರಾತು ಬರುತ್ತದೆ, ಕಥೆ ಅರ್ಧಕ್ಕೆ ಬೀಳುತ್ತದೆ. ಇಲ್ಲವೇ ಕಥೆಯ ಮೋಹದಲ್ಲಿ ಬೇಸ್ (ರನ್‌ಗಾಗಿ ಒಂದೊಂದಾಗಿ ಮುಟ್ಟಿ ಸುತ್ತಬೇಕಾದ ತಾಣ) ಮೇಲಿನ ಓಟಗಾರನನ್ನು ಮರೆತರೆ ಅವನು ಮುಂದಿನ ಬೇಸ್ ಕದ್ದಿರುತ್ತಾನೆ. ಈ ಲೆಕ್ಕಾಚಾರ ಕೇಳುಗನಿಗೆ ಗೊತ್ತೇ ಆಗದ ಹಾಗೆ ಮಾಡುವುದರಲ್ಲಿ ಸ್ಕಲ್ಲಿಗೆ ಸಾಟಿಯಿರಲಿಲ್ಲ.

ಇನ್ನೊಂದು ಶಿಸ್ತು ಪಕ್ಷ ವಹಿಸದಿರುವುದು. ಡಾಡ್ಜರ್ಸ್ ಸಂಬಳ ಪಡೆದೂ ಅವರು ತಂಡವನ್ನು ‘ನಾವು’ ಎನ್ನಲಿಲ್ಲ. ಎದುರಾಳಿಯ ಒಳ್ಳೆ ಆಟಕ್ಕೆ ಅಷ್ಟೇ ತೂಕದ ಮಾತು. ಸ್ಯಾನ್ ಫ್ರಾನ್ಸಿಸ್ಕೋ ಆ ರಾತ್ರಿ ತಲೆಬಾಗಿದ್ದಕ್ಕೆ ಕಾರಣ ಇದೇ. ತನ್ನ ತಂಡದ ಪರ ಕಿರುಚುವವನನ್ನು ಗೆದ್ದ ದಿನ ಜನ ಪ್ರೀತಿಸುತ್ತಾರೆ; ಸೋತ ದಿನ ಅವನ ಮಾತನ್ನು ನಂಬುವುದಿಲ್ಲ.

ಸುಮ್ಮನಿರುವ ಕಲೆ

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ಅವರ ಹೆಸರು ಉಳಿದದ್ದು ಮಾತಿನಷ್ಟೇ ಮೌನದಿಂದ.

1965ರ ಸೆಪ್ಟೆಂಬರ್ 9. ಡಾಡ್ಜರ್ ಸ್ಟೇಡಿಯಂ. ಸ್ಯಾಂಡಿ ಕೋಫ್ಯಾಕ್ಸ್ ಶಿಕಾಗೊ ಕಬ್ಸ್ ವಿರುದ್ಧ ಎಸೆಯುತ್ತಿದ್ದಾರೆ. ಒಂಬತ್ತರಲ್ಲಿ ಎಂಟು ಇನಿಂಗ್ಸ್ ಕಳೆದರೂ ಒಬ್ಬ ಬ್ಯಾಟರ್‌ಗೂ ಮೊದಲ ಬೇಸ್ ಮುಟ್ಟಲು ಬಿಟ್ಟಿಲ್ಲ. 27 ಬ್ಯಾಟರ್ ಬಂದು 27 ಜನವೂ ಹಾಗೇ ಹಿಂದಿರುಗಿದರೆ ಅದು ‘ಪರ್ಫೆಕ್ಟ್ ಗೇಮ್’. ನೂರಾರು ಸಾವಿರ ಪಂದ್ಯಗಳ ಇತಿಹಾಸದಲ್ಲಿ ಬೆರಳೆಣಿಕೆಯಷ್ಟು. ಟಿವಿ ಇಲ್ಲ. ಇಂಥ ಅಪರೂಪದ ಆಟ ಬಂದಾಗ ಕೊನೆಯ ಇನಿಂಗ್ಸನ್ನು ಧ್ವನಿಮುದ್ರಿಸಿ ಪಿಚರ್‌ಗೆ ನೆನಪಿಗೆ ಕೊಡುವುದು ಸ್ಕಲ್ಲಿಯ ಅಭ್ಯಾಸ. ಈ ಸಲ ಅವರಿಗೆ ಹೊಳೆದದ್ದು: ಸಮಯವನ್ನೂ ಹೇಳೋಣ, ಮುಂದೆಂದೋ ಕೋಫ್ಯಾಕ್ಸ್ ಕೇಳಿದಾಗ ಆ ಗಳಿಗೆ ಮರಳಿ ಬರಲಿ. ಹೀಗೆ ಆ ಇನಿಂಗ್ಸ್ ತುಂಬ ಗಡಿಯಾರ ಮಿಡಿಯುತ್ತದೆ. 9 ಗಂಟೆ 41 ನಿಮಿಷ. 9:44. ಮೈದಾನದಲ್ಲಿ 29,000 ಜನ ಮತ್ತು ಹತ್ತು ಲಕ್ಷ ಚಿಟ್ಟೆಗಳಿವೆ ಎನ್ನುತ್ತಾರೆ. ಎಲ್ಲರ ಹೊಟ್ಟೆಯೊಳಗಿನ ಕಳವಳಕ್ಕೆ ಇಂಗ್ಲಿಷಿನ ಮಾತು ಅದು. ಕೋಫ್ಯಾಕ್ಸ್ ಟೋಪಿ ಸರಿಪಡಿಸಿದ್ದು, ಪ್ಯಾಂಟಿಗೆ ಕೈ ಒರೆಸಿದ್ದು ಎಲ್ಲವೂ ಇದೆ. ಕೊನೆಯ ಬ್ಯಾಟರ್ ಹಾರ್ವಿ ಕೀನ್ ಬೀಸಿ ತಪ್ಪುತ್ತಾನೆ. ಪರ್ಫೆಕ್ಟ್ ಗೇಮ್ ಎಂದು ಹೇಳಿ ಸ್ಕಲ್ಲಿ ಮಾತು ನಿಲ್ಲಿಸುತ್ತಾರೆ. 38 ಸೆಕೆಂಡ್ ಬರೀ ಜನರ ಕೂಗು. ಆಮೇಲೆ: ಬಲಬದಿಯ ಸ್ಕೋರ್‌ಬೋರ್ಡ್ ಮೇಲೆ ಈಗ 9:46.

1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ 715ನೇ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರದ ಹೊಡೆತ) ಹೊಡೆದು ಬೇಬ್ ರೂತ್ ದಾಖಲೆ ಮುರಿದರು. ಕರಿಯನೊಬ್ಬ ಆ ದಾಖಲೆ ಮುರಿಯಬಾರದೆಂದು ಆರನ್ ಅವರಿಗೆ ಕೊಲೆ ಬೆದರಿಕೆಯ ಪತ್ರಗಳು ಬಂದಿದ್ದವು. ಎದುರಾಳಿ ಡಾಡ್ಜರ್ಸ್, ಹಾಗಾಗಿ ಮೈಕ್ ಹಿಂದೆ ಸ್ಕಲ್ಲಿ ಇದ್ದರು. ಪಟಾಕಿ, ಕೂಗು ಎಲ್ಲ ಆಗಲೆಂದು ಸುಮ್ಮನಿದ್ದು, ಮರಳಿ ಬಂದು ಹೇಳಿದ ಮಾತು: ಅಮೆರಿಕದ ದಕ್ಷಿಣದ ಒಡಲಲ್ಲಿ ಒಬ್ಬ ಕರಿಯ ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ. 1988ರ ಅಕ್ಟೋಬರ್ 15ರಂದು, ಎರಡೂ ಕಾಲಿಗೆ ಪೆಟ್ಟಾಗಿ ಕುಂಟುತ್ತಾ ಬಂದ ಕರ್ಕ್ ಗಿಬ್ಸನ್ ವರ್ಲ್ಡ್ ಸೀರೀಸಿನ ಮೊದಲ ಪಂದ್ಯವನ್ನು ಕೊನೆಯ ಗಳಿಗೆಯ ಹೋಮ್ ರನ್‌ನಿಂದ ಗೆಲ್ಲಿಸಿದಾಗಲೂ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮೌನ.

ಇದು ಕೇಳಿದಷ್ಟು ಸುಲಭವಲ್ಲ. ಪ್ರಸಾರದಲ್ಲಿ ಶಬ್ದ ನಿಂತರೆ ಕೆಟ್ಟಿತು ಎಂದೇ ಅರ್ಥ. ಇಂದಿನ ಕೇಂದ್ರಗಳಲ್ಲಿ ಕೆಲವು ಸೆಕೆಂಡ್ ಸದ್ದಿಲ್ಲದಿದ್ದರೆ ಎಚ್ಚರಿಕೆ ಗಂಟೆ ಬಾರಿಸುವ ಉಪಕರಣವೇ ಇರುತ್ತದೆ. ಸ್ಕಲ್ಲಿಯ ಮೌನ ಖಾಲಿ ಇರುತ್ತಿರಲಿಲ್ಲ. ಬೂತಿನ ಹೊರಗೆ ಜನರ ಕಡೆಗೆ ತಿರುಗಿಸಿದ ಮೈಕ್ ಬೇರೆ ಇರುತ್ತದೆ. ಮಾತು ನಿಂತೊಡನೆ ಎಂಜಿನಿಯರ್ ಅದರ ಮಟ್ಟ ಏರಿಸಬೇಕು. ತಡವಾಗಿ ಏರಿಸಿದರೆ ಸಂಪರ್ಕ ಕಡಿದ ಹಾಗೆ ಕೇಳುತ್ತದೆ. ಥಟ್ಟನೆ ಏರಿಸಿದರೆ ಕಿವಿಗೆ ಬಡಿಯುತ್ತದೆ. ಮತ್ತೆ ಮಾತಿಗೆ ಬರುವ ಗಳಿಗೆಯೂ ಮುಖ್ಯ: ಕೂಗು ಏರಿ ಸ್ವಲ್ಪ ಇಳಿಯತೊಡಗಿದಾಗ, ಇನ್ನೂ ಪೂರ್ತಿ ಇಳಿಯುವ ಮೊದಲು. ಬೇಗ ಬಂದರೆ ಮಾತು ಕೂಗಿನಲ್ಲಿ ಮುಳುಗುತ್ತದೆ, ತಡವಾದರೆ ಹೇಳಿದ್ದು ಸಪ್ಪೆಯಾಗುತ್ತದೆ. ಆ ಒಂದು ನಿಮಿಷದಲ್ಲಿ ಅಡುಗೆಮನೆಯಲ್ಲಿದ್ದ ಕೇಳುಗ ತಾನೂ ಮೈದಾನದಲ್ಲಿದ್ದ. ಆ ನೆನಪು ಅವನದೇ ಆಗಿ ಉಳಿಯುತ್ತದೆ, ಕಾಮೆಂಟೇಟರ್ ಅದರ ಮೇಲೆ ತನ್ನ ಸಹಿ ಹಾಕಿರುವುದಿಲ್ಲ. ನನ್ನ ಮಟ್ಟಿಗೆ ಅಭಿಮಾನಿಗಳ ಋಣಭಾವದ ಬೇರು ಇಲ್ಲಿದೆ.

ಈ ದುಃಖಕ್ಕೆ ಹೆಸರುಂಟು

1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಸಂಶೋಧಕರು ರೇಡಿಯೊ, ಟಿವಿಯ ನಿರೂಪಕರ ಜೊತೆ ಜನ ಬೆಳೆಸಿಕೊಳ್ಳುವ ಏಕಮುಖ ಸಂಬಂಧಕ್ಕೆ ‘ಪ್ಯಾರಾಸೋಶಿಯಲ್’ ಎಂಬ ಹೆಸರು ಕೊಟ್ಟರು. ನಿರೂಪಕನಿಗೆ ಕೇಳುಗ ಯಾರೆಂದು ಗೊತ್ತಿಲ್ಲ. ಕೇಳುಗನಿಗೆ ನಿರೂಪಕನ ಉಸಿರಿನ ಏರಿಳಿತ ಗೊತ್ತು. ಇದರಲ್ಲಿ ಮೂರ್ಖತನವೇನೂ ಇಲ್ಲ. ಅವರು ನನ್ನ ಬಂಧುವಲ್ಲ ಎಂದು ಕೇಳುಗನಿಗೆ ಚೆನ್ನಾಗಿ ಗೊತ್ತು. ಆದರೆ ಆ ದನಿಯ ಜೊತೆಗೆ ಕೇಳುಗನ ಸ್ವಂತ ಬದುಕು ಹೆಣೆದುಕೊಂಡಿರುತ್ತದೆ: ಅಪ್ಪನ ಗ್ಯಾರೇಜು, ಮೊದಲ ಕೆಲಸದಿಂದ ಮನೆಗೆ ಬರುವ ದಾರಿ, ಆಸ್ಪತ್ರೆಯಲ್ಲಿ ಅಮ್ಮನ ಹಾಸಿಗೆ ಪಕ್ಕದ ರಾತ್ರಿ. ದನಿ ಹೋದಾಗ ಅವೆಲ್ಲ ಒಟ್ಟಿಗೆ ಎದ್ದು ಬರುತ್ತವೆ. ಹೂವು ಇಡಲು ಬಂದವರು ಮಾತಾಡುವುದು ಸ್ಕಲ್ಲಿಗಿಂತ ಹೆಚ್ಚಾಗಿ ತಮ್ಮ ಅಪ್ಪ, ಅಜ್ಜನ ಬಗ್ಗೆ ಎಂಬುದು ಗಮನಿಸಿದರೆ ಗೊತ್ತಾಗುತ್ತದೆ.

ಬೆಂಗಳೂರಿಗೆ ಇದು ಹೊಸದಲ್ಲ. 2024ರ ಜುಲೈ 11ರಂದು ನಿರೂಪಕಿ ಅಪರ್ಣಾ ತೀರಿಕೊಂಡಾಗ ನಮ್ಮ ಮೆಟ್ರೊದಲ್ಲಿ ದಿನಾ ಓಡಾಡುವವರು ಮುಂದಿನ ನಿಲ್ದಾಣದ ಹೆಸರು ಹೇಳುವ ಅದೇ ದನಿ ಕೇಳಿ ಕಣ್ಣೊರೆಸಿಕೊಂಡರು. ಮಾತಾಡಿದವರಿಲ್ಲ, ಮಾತು ಮಾತ್ರ ಸಮಯಕ್ಕೆ ಸರಿಯಾಗಿ ಬರುತ್ತಿದೆ. ಧ್ವನಿಮುದ್ರಣದ ಕಾಲದ ಸಾವಿನಲ್ಲಿ ಈ ಸಂಕಟ ಹೊಸದು.

ಇನ್ನೊಂದು ತೊಡಕಿದೆ. ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು 1980ರ ದಶಕದಲ್ಲಿ ಸಮಾಜ ಮಾನ್ಯ ಮಾಡದ ದುಃಖದ ಬಗ್ಗೆ ಬರೆದರು. ಚಿಕ್ಕಪ್ಪ ತೀರಿಕೊಂಡರೆ ರಜೆ ಸಿಗುತ್ತದೆ, ನೆರೆಯವರು ಬಂದು ಮಾತಾಡಿಸುತ್ತಾರೆ. ಕಾಮೆಂಟೇಟರ್ ತೀರಿಕೊಂಡರೆ ಯಾರ ಮುಂದೆ ಅಳುವುದು? ತಂಡಗಳು ಮಾಡುವ ಸಾರ್ವಜನಿಕ ಶ್ರದ್ಧಾಂಜಲಿ ಇಲ್ಲೇ ಕೆಲಸಕ್ಕೆ ಬರುವುದು. ಅತ್ತರೆ ತಪ್ಪಲ್ಲ ಎಂಬ ಜಾಗವನ್ನು ಅದು ಒದಗಿಸುತ್ತದೆ.

ಶ್ರದ್ಧಾಂಜಲಿ ಹೇಗೆ ಮಾಡುತ್ತಾರೆ, ಎಲ್ಲಿ ಕೆಡುತ್ತದೆ

ಡಾಡ್ಜರ್ಸ್ ತವರಿಗೆ ಮರಳಿ ಆಡಿದ ಮೊದಲ ಪಂದ್ಯ ಆಗಸ್ಟ್ 5ರಂದು, ಸ್ಯಾನ್ ಡಿಯಾಗೊ ವಿರುದ್ಧ. ಆಟಕ್ಕೆ ಮುಂಚೆ ತಂಡ ಮೈದಾನದಲ್ಲಿ ಸಾಲಾಗಿ ನಿಂತಿತು, ಮ್ಯಾನೇಜರ್ ಡೇವ್ ರಾಬರ್ಟ್ಸ್ ಮಾತಾಡಿದರು, ಸ್ಕಲ್ಲಿ ಆಟ ಶುರು ಮಾಡಲು ಹೇಳುತ್ತಿದ್ದ ‘ಇಟ್ಸ್ ಟೈಮ್ ಫಾರ್ ಡಾಡ್ಜರ್ ಬೇಸ್‌ಬಾಲ್’ ಎಂಬ ಸಾಲನ್ನು ಇಡೀ ಸ್ಟೇಡಿಯಂ ಒಟ್ಟಾಗಿ ಹೇಳಿತು. ಆ ಸೀಸನ್ ಉಳಿದಷ್ಟು ದಿನ ಆಟಗಾರರ ಅಂಗಿಯ ಮೇಲೆ ಮೈಕ್ ಚಿತ್ರದ ಪಟ್ಟಿ ಇತ್ತು. ಅಂತ್ಯಕ್ರಿಯೆ ಮಾತ್ರ ಕುಟುಂಬದ ಖಾಸಗಿ ವಿಷಯವಾಗಿ ನಡೆಯಿತು, ಊರು ಅದನ್ನು ಗೌರವಿಸಿತು.

ಬೇರೆ ಊರುಗಳು ಬೇರೆ ದಾರಿ ಹಿಡಿದಿವೆ. 2009ರ ಏಪ್ರಿಲ್ 13ರಂದು ಫಿಲಡೆಲ್ಫಿಯಾದ ಕಾಮೆಂಟೇಟರ್ ಹ್ಯಾರಿ ಕ್ಯಾಲಸ್ ವಾಷಿಂಗ್ಟನ್ ಸ್ಟೇಡಿಯಂನ ಬೂತಿನಲ್ಲೇ ಕುಸಿದು ತೀರಿಕೊಂಡರು. ಅವರ ಶವಪೆಟ್ಟಿಗೆಯನ್ನು ತವರಿನ ಮೈದಾನಕ್ಕೆ ತಂದು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹತ್ತಿರ ಇಟ್ಟರು. 2010ರಲ್ಲಿ ಡೆಟ್ರಾಯಿಟ್‌ನ ಅರ್ನಿ ಹಾರ್ವೆಲ್ ಹೋದಾಗ ಸ್ಟೇಡಿಯಂ ಬಾಗಿಲು ರಾತ್ರಿಯೂ ತೆರೆದಿತ್ತು, ಸಾವಿರಾರು ಜನ ಸಾಲಿನಲ್ಲಿ ನಿಂತು ಕೊನೆಯ ದರ್ಶನ ಪಡೆದರು. ಪಾಳಿ ಮುಗಿಸಿ ನಡುರಾತ್ರಿ ಬರುವ ಕಾರ್ಖಾನೆಯ ಊರಿಗೆ ಅದು ಸರಿಯಾದ ಏರ್ಪಾಡು. 1998ರಲ್ಲಿ ಶಿಕಾಗೊದ ಹ್ಯಾರಿ ಕ್ಯಾರಿ ತೀರಿಕೊಂಡ ಮೇಲೆ, ಏಳನೇ ಇನಿಂಗ್ಸ್ ನಡುವೆ ಅವರು ಜನರನ್ನು ಹಾಡಿಸುತ್ತಿದ್ದ ಪದ್ಧತಿಯನ್ನು ಅತಿಥಿಗಳು ಮುಂದುವರಿಸಿದರು, ಅದು ಇಂದಿಗೂ ಇದೆ.

ಕೆಡುವುದು ಸಾಮಾನ್ಯವಾಗಿ ಒಂದೇ ರೀತಿ: ಅತಿಯಾದ ಸಂಗೀತ, ಅತಿಯಾದ ಭಾಷಣ. ದನಿಯಿಂದ ಬದುಕಿದ ಮನುಷ್ಯನನ್ನು ನೆನೆಯುವಾಗ ಅವರ ದನಿಯನ್ನು ಏನೂ ಬೆರೆಸದೆ ಕೇಳಿಸಬೇಕು. ವಿಡಿಯೊದಲ್ಲಿ ಪಿಟೀಲು ಸೇರಿಸಿ ಮಾತನ್ನು ಹತ್ತು ಸೆಕೆಂಡಿನ ತುಂಡು ಮಾಡಿದರೆ, ಅವರು ಎಲ್ಲಿ ಸುಮ್ಮನಾಗುತ್ತಿದ್ದರು ಎಂಬುದೇ ಹೋಗಿಬಿಡುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಬದುಕಿದ್ದಾಗಲೇ ದನಿ ಕಸಿಯುವುದು. ಹಾರ್ವೆಲ್ ಅವರನ್ನು 1991ರ ಸೀಸನ್ ನಂತರ ಬೇಡವೆಂದು ಕಳಿಸಿದಾಗ ಡೆಟ್ರಾಯಿಟ್ ಕೆರಳಿತು; ಹೊಸ ಮಾಲೀಕರು 1993ರಲ್ಲಿ ಮರಳಿ ಕರೆತಂದರು. ಲಾಸ್ ಏಂಜಲೀಸಿಗೆ ಬೇರೆ ರೀತಿಯ ನಷ್ಟವಾಯಿತು. 2014ರಲ್ಲಿ ತಂಡದ ಟಿವಿ ಹಕ್ಕು ಹೊಸ ಕೇಬಲ್ ಚಾನೆಲ್‌ಗೆ ಹೋಯಿತು; ಬೆಲೆಯ ಜಗಳದಲ್ಲಿ ಬೇರೆ ಕಂಪನಿಗಳು ಆ ಚಾನೆಲ್ ಕೊಡಲಿಲ್ಲ. ಊರಿನ ಬಹುಪಾಲು ಮನೆಗಳಿಗೆ ಸ್ಕಲ್ಲಿಯ ಕೊನೆಯ ಮೂರು ಸೀಸನ್ ಟಿವಿಯಲ್ಲಿ ಸಿಗಲೇ ಇಲ್ಲ, ತೀರಾ ಕೊನೆಯ ಕೆಲವು ಪಂದ್ಯಗಳನ್ನು ಮಾತ್ರ ಎಲ್ಲರಿಗೂ ಸಿಗುವ ಚಾನೆಲ್‌ನಲ್ಲಿ ತೋರಿಸಿದರು. ಪ್ರತಿ ಪಂದ್ಯದ ಮೊದಲ ಮೂರು ಇನಿಂಗ್ಸಿನ ಅವರ ಕಾಮೆಂಟರಿ ರೇಡಿಯೊದಲ್ಲೂ ಬರುತ್ತಿದ್ದುದರಿಂದ ಉಳಿದವರಿಗೆ ಅಷ್ಟೇ ಗತಿ. ಆ ಜಗಳ 2020ರವರೆಗೆ ಎಳೆಯಿತು. ಅಷ್ಟರಲ್ಲಿ ಸ್ಕಲ್ಲಿ ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಆ ಊರಿನ ಜನರಿಂದ ಕಿತ್ತುಕೊಂಡ ಆ ಮೂರು ಬೇಸಿಗೆಗಳನ್ನು ಈಗ ಯಾರೂ ಹಿಂದಿರುಗಿಸಲಾರರು.

ಪಕ್ಕದ ಬೂತಿನವರು

ಈ ಕಥೆಯಲ್ಲಿ ಅರ್ಧ ಊರನ್ನು ಬಿಟ್ಟ ಹಾಗಾಗುತ್ತದೆ, ಹೈಮೆ ಹರೀನ್ ಬಗ್ಗೆ ಹೇಳದಿದ್ದರೆ. ಡಾಡ್ಜರ್ ಸ್ಟೇಡಿಯಂ ಎದ್ದಿರುವ ಚಾವೆಜ್ ರವೀನ್ ಕಣಿವೆಯಿಂದ 1950ರ ದಶಕದಲ್ಲಿ ಮೆಕ್ಸಿಕನ್ ಮೂಲದ ಕುಟುಂಬಗಳನ್ನು ಎಬ್ಬಿಸಿದ್ದರು. ಆ ನೋವು ಇನ್ನೂ ಮಾಸಿಲ್ಲ. ಎಕ್ವಡಾರ್‌ನಲ್ಲಿ ಹುಟ್ಟಿದ ಹರೀನ್ 1959ರಲ್ಲಿ ತಂಡದ ಸ್ಪ್ಯಾನಿಷ್ ಪ್ರಸಾರಕ್ಕೆ ಬಂದರು. ಪರವೂರಿನ ಪಂದ್ಯವಿದ್ದಾಗ ಮೊದಲ ವರ್ಷಗಳಲ್ಲಿ ಸ್ಟುಡಿಯೊದಲ್ಲಿ ಕೂತು, ಇಂಗ್ಲಿಷ್ ಕಾಮೆಂಟರಿಯನ್ನು ಕಿವಿಗಿಟ್ಟುಕೊಂಡು ಅದೇ ಹೊತ್ತಿನಲ್ಲಿ ಸ್ಪ್ಯಾನಿಷ್‌ನಲ್ಲಿ ಹೇಳಬೇಕಿತ್ತು. ಸ್ಕಲ್ಲಿಯವರ ದನಿಯೇ ಅವರ ಕಣ್ಣಾಗಿತ್ತು. 1981ರಲ್ಲಿ ಮೆಕ್ಸಿಕೊದ ಇಪ್ಪತ್ತರ ಹುಡುಗ ಫರ್ನಾಂಡೊ ವಲೆನ್ಸುವೆಲಾ ಪಿಚರ್ ಆಗಿ ಊರನ್ನೇ ಹುಚ್ಚೆಬ್ಬಿಸಿದಾಗ ಹರೀನ್ ಅವರ ಪ್ರಸಾರ ಮನೆಮನೆಗೂ ತಲುಪಿತು. ದೂರವಿದ್ದ ಮೆಕ್ಸಿಕನ್ ಮೂಲದ ಸಮುದಾಯ ಸ್ಟೇಡಿಯಂ ಒಳಗೆ ಬಂತು.

ಸ್ಕಲ್ಲಿ ಹೋದ ಎರಡೇ ತಿಂಗಳಲ್ಲಿ, 2022ರ ಸೀಸನ್ ಮುಗಿದಾಗ, ಹರೀನ್ ಕೂಡ 64 ಸೀಸನ್‌ಗಳ ನಂತರ ನಿವೃತ್ತರಾದರು. ಒಂದೇ ವರ್ಷದಲ್ಲಿ ಆ ಊರಿನ ಎರಡೂ ಭಾಷೆಯ ದನಿಗಳು ನಿಂತವು. ಈಗಿನ ಪ್ರಸಾರ ಹಲವು ಚಾನೆಲ್, ಹಲವು ಸ್ಟ್ರೀಮಿಂಗ್ ಸೇವೆಗಳ ನಡುವೆ ಹಂಚಿಹೋಗಿದೆ. ಒಂದೇ ತಂಡದ ಪಂದ್ಯಗಳನ್ನು ವಾರದ ಬೇರೆಬೇರೆ ದಿನ ಬೇರೆಬೇರೆ ಜನ ಹೇಳುತ್ತಾರೆ. ಜೋ ಡೇವಿಸ್ ಒಳ್ಳೆಯ ಕಾಮೆಂಟೇಟರ್, ಸ್ಕಲ್ಲಿಯವರ ಕೊನೆಯ ವರ್ಷವಾದ 2016ರಲ್ಲೇ ಅವರನ್ನು ತಂಡಕ್ಕೆ ಸೇರಿಸಿ ಜನರ ಕಿವಿಗೆ ಹೊಸ ದನಿ ಅಭ್ಯಾಸವಾಗಲು ಬಿಟ್ಟದ್ದು ಡಾಡ್ಜರ್ಸ್ ಮಾಡಿದ ಜಾಣ ಕೆಲಸ. ಸ್ಕಲ್ಲಿಯ ದನಿ ಇನ್ನೂ ಕೇಳಿರದವರು 1965ರ ಆ ಒಂಬತ್ತನೇ ಇನಿಂಗ್ಸಿನಿಂದ ಶುರು ಮಾಡಬೇಕು. ಹತ್ತು ನಿಮಿಷವೂ ಇಲ್ಲ. ಬೇಸ್‌ಬಾಲ್ ನಿಯಮ ಗೊತ್ತಿರಬೇಕೆಂದೂ ಇಲ್ಲ, ತುಂಡು ಮಾಡದ ಮುದ್ರಣ ಹುಡುಕಿಕೊಂಡರೆ ಸಾಕು.